ಬರೀ ತಲೆನೋವು

ಮೊರಬದ ಭಾಗ್ಯಾ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಗುತ್ತಿಗೆಯ ಮೇಲೆ ಕಂಪ್ಯೂಟರ್ ಆಪರೇಟರ್ ಆಗಿ ಸೇರಿ ಏಳು ವರ್ಷವಾಗಿತ್ತು. ಡಾಕ್ಟರು ಚೀಟಿಯಲ್ಲಿ ಬರೆದ ರೋಗದ ಹೆಸರು ಓದಿ, ಅದಕ್ಕೆ ಗೊತ್ತುಮಾಡಿದ ಕೋಡ್ ಒತ್ತಿ, ಅಚ್ಚಾದ ಕಾಗದವನ್ನು ರೋಗಿಗೆ ಕೊಡುವುದು ಅವಳ ಕೆಲಸ. ಅವಳ ಬೆರಳು ಚುರುಕು. ರೋಗಿಗಳ ಪಾಳಿ ಎಷ್ಟೇ ಉದ್ದವಿರಲಿ, ಮಧ್ಯಾಹ್ನದೊಳಗೆ ಕರಗಿಸಿಬಿಡುತ್ತಿದ್ದಳು.

ತಲೆನೋವಿನ ಪಾಠವನ್ನು ಕಚೇರಿಯ ಹಿರಿಯ ಗುಮಾಸ್ತ ಕುಬೇರಪ್ಪ ಮೊದಲ ವಾರವೇ ಹೇಳಿಕೊಟ್ಟಿದ್ದ. "ತಲಿನೋವು ಅಂತ ಯಾರ ಬಂದ್ರೂ ಆರ್ ಐವತ್ತೊಂದು ಹಾಕು. ಡಾಕ್ಟರ್ ಮೈಗ್ರೇನ್ ಅಂತ ಬರದು ಕೊಟ್ರೂ ಅದನ್ನ ಹಾಕು. ಮೈಗ್ರೇನಿಂದು ಜಿ ನಲವತ್ತಮೂರು ಒತ್ತಿದ್ರ ಮಷೀನು ಹತ್ತು ಪ್ರಶ್ನಿ ಕೇಳತೈತಿ. ವಾಂತಿ ಆಗತೈತೇನು, ತಿಂಗಳಿಗೆ ಎಷ್ಟ ಸಲ... ಯಾರಿಗೆ ಬೇಕದು?"

ಭಾಗ್ಯಾ ಹಾಗೆಯೇ ಮಾಡಿದಳು. ಏಳು ವರ್ಷ.

ತಲೆನೋವೆಂದು ಪದೇ ಪದೇ ಬರುತ್ತಿದ್ದ ತಾಯವ್ವ ಈ ಸಲ ಹೆಸರುಕಾಳಿನ ಹೊಲಕ್ಕೆ ಕಳೆ ತೆಗೆಯಲು ಹೋಗಿ ಅರ್ಧ ದಿನಕ್ಕೇ ಕುಸಿದು ಆಸ್ಪತ್ರೆಗೆ ಬಂದಳು. ಬಲಗಣ್ಣಿನ ಮೇಲೆ ಮುಷ್ಟಿ ಒತ್ತಿಕೊಂಡು, ಬೆಳಕು ತಾಗದಂತೆ ಸೆರಗು ಮುಚ್ಚಿಕೊಂಡು ಔಷಧದ ಕಿಟಕಿಯ ಕೆಳಗೆ ಕುಳಿತಳು. ಎರಡು ಸಲ ವಾಂತಿಯಾಯಿತು. ಹೊಸದಾಗಿ ಬಂದಿದ್ದ ಡಾಕ್ಟರ್ ಐಶ್ವರ್ಯ ತಾವೇ ಕಿಟಕಿಗೆ ಬಂದು ಔಷಧ ಕೊಡುವ ನಿಯಾಜನನ್ನು ಕೇಳಿದರು.

"ಈ ನೋವು ಬರದಂಗ ತಡಿಯೋ ಗುಳಗಿ ಬರದ ಕೊಟ್ಟೇನಿ. ಯಾಕ ಕೊಡವಲ್ರಿ?"

"ಬಂದ್ರ ಕೊಡ್ತೀನ್ರಿ ಮೇಡಂ. ಮೂರು ಸಲ ಬೇಡಿಕಿ ಕಳಿಸೇನಿ. ನಿಮ್ಮ ಆಸ್ಪತ್ರ್ಯಾಗ ಮೈಗ್ರೇನ್ ಪೇಶಂಟ್ ಒಬ್ರೂ ಇಲ್ಲ, ಗುಳಗಿ ಯಾರಿಗೆ ಅಂತ ಕೇಳತಾರ್ರಿ ಮ್ಯಾಲಿನವರು."

ಬಾಜು ಕೋಣೆಯಲ್ಲಿದ್ದ ಭಾಗ್ಯಾಳ ಬೆರಳು ಅಲ್ಲೇ ನಿಂತವು. ಮೇಲಿನವರಿಗೆ ಹೋಗುವ ವರದಿ ತಯಾರಿಸುವವಳು ಅವಳೇ. ಒಬ್ಬರೂ ಇಲ್ಲ ಎಂದು ಹೇಳಿದವಳೂ ಅವಳೇ.

ಮೂರು ದಿನ ಊಟದ ಹೊತ್ತಿನಲ್ಲಿ ಹಳೆಯ ಚೀಟಿಗಳ ಕಟ್ಟು ಬಿಚ್ಚಿ ಕೂತಳು. ಡಾಕ್ಟರುಗಳು ಸ್ಪಷ್ಟವಾಗಿ ಮೈಗ್ರೇನ್ ಎಂದು ಬರೆದವರು ಅರವತ್ತಮೂರು ಜನ. ಐವತ್ತೆಂಟು ಮಂದಿ ಹೆಂಗಸರು. ತಾಯವ್ವನ ಹೆಸರೊಂದೇ ಹನ್ನೊಂದು ಸಲ. ಕುಬೇರಪ್ಪನ ಮೇಲೆ ಬಂದಷ್ಟೇ ಸಿಟ್ಟು ತನ್ನ ಮೇಲೂ ಬಂತು.

ಆ ಪಟ್ಟಿ ನೋಡಿ ಕುಬೇರಪ್ಪ ನಕ್ಕ. "ಏ ಭಾಗ್ಯಾ, ಹೆಣ್ಮಕ್ಕಳ ತಲಿನೋವಿಗೆ ಎಷ್ಟ ಹೆಸರ ಇಡ್ತಿ ನೀ?"

"ಹೆಸರ ನಾ ಇಟ್ಟಿಲ್ರಿ, ಡಾಕ್ಟರ್ ಇಟ್ಟಾರ. ಅಳಿಸಿದವರು ನಾವು," ಎಂದಳು.

ಅವನು ಪಟ್ಟಿಯನ್ನು ಮುಂದಕ್ಕೆ ಕಳಿಸಲಿಲ್ಲ. ಭಾಗ್ಯಾ ಅದಕ್ಕೆ ಡಾಕ್ಟರ್ ಐಶ್ವರ್ಯರ ಸಹಿ ಹಾಕಿಸಿಕೊಂಡು, ತಿಂಗಳ ಸಭೆಯಲ್ಲಿ ಯಾರೂ ಕರೆಯದಿದ್ದರೂ ಎದ್ದು ನಿಂತು ತಾಲೂಕಿನ ಅಧಿಕಾರಿಯ ಕೈಗೇ ಕೊಟ್ಟಳು. ಅವರು ಪುಟ ತಿರುವಿ, ಹಳೆಯ ವರ್ಷಗಳದ್ದು ಇನ್ನು ತಿದ್ದಲು ಬರುವುದಿಲ್ಲ, ಇವತ್ತಿನಿಂದ ಸರಿಯಾಗಿ ಹಾಕಿರಿ ಎಂದರು. ಅಷ್ಟೇ. ಯಾರಿಗೂ ಒಂದು ನೋಟಿಸೂ ಬರಲಿಲ್ಲ. ಕುಬೇರಪ್ಪ ಅವಳೊಡನೆ ಮಾತು ಬಿಟ್ಟ.

ಮೂರು ತಿಂಗಳಿಗೆ ಗುಳಿಗೆ ಬಂದವು. ತಾಯವ್ವ ಬಂದ ದಿನ ಭಾಗ್ಯಾ ಅವಳನ್ನು ಒಳಗೆ ಕರೆದು ನಡೆದದ್ದನ್ನೆಲ್ಲ ಹೇಳಿದಳು. ಕ್ಷಮೆ ಕೇಳುವ ಮೊದಲೇ ತಾಯವ್ವನ ಮುಖ ಕೆಂಪಾಯಿತು.

"ನಾಕು ವರ್ಷ ಆತ್ರಿ, ನಮ್ಮ ಮನಿಯವ್ರು ನನ್ನ ನಾಟಕದಾಕಿ ಅಂತಾರ. ನೀವು ಕೊಟ್ಟ ಕಾಗದ ಮಂದಿ ಮುಂದ ಹಿಡದು, ನೋಡ್ರಿ, ಬರೀ ತಲಿನೋವು ಅಂತ ಸರ್ಕಾರನ ಬರದೈತಿ ಅಂತಾರ. ಕತ್ತಲಿ ಕೋಣ್ಯಾಗ ಬಿದ್ದಾಗ ಬಾಗಲಾ ತಗದು ಬೇಕಂತ ಲೈಟ್ ಹಾಕ್ಯಾರ. ಅದಕ್ಕ ಯಾವ ಗುಳಗಿ ಕೊಡ್ತೀರಿ?"

ಭಾಗ್ಯಾ ಕಂಪ್ಯೂಟರಿನ ಕಡೆ ತಿರುಗಿದಳು. ಅವಳು ಜಿ ನಲವತ್ತಮೂರು ಒತ್ತಿದಳು, ಹತ್ತೂ ಪ್ರಶ್ನೆ ಒಂದೊಂದಾಗಿ ಕೇಳಿದಳು. ತಾಯವ್ವ ಹಲ್ಲು ಕಚ್ಚಿಕೊಂಡೇ ಉತ್ತರ ಕೊಟ್ಟಳು. ಹೊರಗೆ ಪಾಳಿಯವರು ಗೊಣಗುತ್ತಿದ್ದರು.

ಕಾಗದ ಅಚ್ಚಾಗಿ ಬಂದಾಗ ತಾಯವ್ವ ಅದನ್ನು ತೆಗೆದುಕೊಳ್ಳಲಿಲ್ಲ.

"ನನಗ ಓದಾಕ ಬರೂದಿಲ್ಲ. ಗೇಟಿನ್ಯಾಗ ಗಾಡಿ ಮ್ಯಾಲ ಕುಂತಾರಲ್ಲ, ಅವರ ನಮ್ಮ ಮನಿಯವ್ರು, ಉಡಚಪ್ಪ. ಅವರಿಗೆ ಕೇಳೂವಂಗ ನೀವ ಓದ್ರಿ."

ಭಾಗ್ಯಾ ಕಾಗದ ಹಿಡಿದು ಎದ್ದಳು. ಮೆಟ್ಟಿಲ ಮೇಲೆ ನಿಂತು, ಇಡೀ ಅಂಗಳಕ್ಕೆ ಕೇಳುವಂತೆ ಗಂಟಲೆತ್ತಿ ಓದತೊಡಗಿದಳು.