ಅಪ್ಪನ ಡಬ್ಬಿಯ ಮೂರು ಏಟು

ನಿನ್ನೆ ಸಂಜೆ ಮಗಳು ಹೋಂವರ್ಕ್ ಮಾಡ್ತಾ, "ಅಮ್ಮಾ, 'ಹುರಿದುಂಬಿಸು' ಅಂದ್ರೆ ಏನು? ಸ್ವಂತ ವಾಕ್ಯ ಬರೀಬೇಕು" ಅಂದಳು. ಮೊಬೈಲಿನಲ್ಲಿ ನೋಡಿದರೆ 'ಉತ್ಸಾಹ ತುಂಬು' ಅಂತಿತ್ತು. ಅಷ್ಟೇನಾ ಅಂತ ನನಗೆ ಸಿಟ್ಟೇ ಬಂತು.

ಭದ್ರಾವತಿಯ ಕ್ವಾರ್ಟರ್ಸ್‌ನಲ್ಲಿ ನಾವಿದ್ದಾಗ ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಮಷಿನ್ ಸದ್ದಿಗೆ ಅಲ್ಲಿ ಯಾರ ಮಾತೂ ಕೇಳಿಸುತ್ತಿರಲಿಲ್ಲವಂತೆ. ಸ್ಪ್ಯಾನರಿನಿಂದ ಕಂಬಕ್ಕೆ ಎರಡು ಸಲ ಬಡಿದರೆ 'ನಿಲ್ಲಿಸು', ಮೂರು ಸಲ ಬಡಿದರೆ 'ನಡೀಲಿ, ನಾನಿದ್ದೀನಿ'. ಮನೆಯಲ್ಲೂ ಅಪ್ಪನದು ಮಾತು ಕಡಿಮೆಯೇ.

ನನ್ನ ಶಾಲೆಯ ಓಟದ ಸ್ಪರ್ಧೆಗೆ ಶಿಫ್ಟ್ ಮುಗಿಸಿ, ಮಸಿ ಮೆತ್ತಿದ ಬಟ್ಟೆಯಲ್ಲೇ ಬಂದು ನಿಂತಿದ್ದರು. ಪಕ್ಕದ ಮನೆ ಸೆಲ್ವಿ ಆಂಟಿ "ಓಡೇ, ಓಡೇ!" ಅಂತ ಕಿರುಚುತ್ತಿದ್ದರು. ಅರ್ಧ ದಾರಿಗೇ ನಾನು ಮುಗ್ಗರಿಸಿ ಬಿದ್ದೆ. ಮಂಡಿ ತರಚಿತ್ತು. ಎಲ್ಲರೂ ಮುಂದೆ ಹೋಗಿದ್ದರು. ಇನ್ನು ಏಳೋದೇ ಬೇಡ ಅನಿಸಿತು.

ಆಗ ಕೇಳಿಸಿತು. ಠಣ್, ಠಣ್, ಠಣ್.

ಅಪ್ಪ ತಮ್ಮ ಊಟದ ಡಬ್ಬಿಯ ಮುಚ್ಚಳಕ್ಕೆ ಸ್ಪ್ಯಾನರಿನಿಂದ ಬಡಿಯುತ್ತಿದ್ದರು. ಎದ್ದೆ, ಓಡಿದೆ, ಎಲ್ಲರಿಗಿಂತ ಕೊನೆಗೆ ಗೆರೆ ಮುಟ್ಟಿದೆ.

"ಒಳ್ಳೇ ಡಬ್ಬಿ ಹಾಳು ಮಾಡಿದ್ರಲ್ಲ ಮಾರಾಯ್ರೇ" ಅಂತ ಅಮ್ಮ ಬೈದರು. ಅಪ್ಪ ಹೊಸದು ತರಲಿಲ್ಲ. ನೆಗ್ಗಿದ ಮುಚ್ಚಳಕ್ಕೆ ಬಟ್ಟೆ ಸುತ್ತಿಕೊಂಡೇ ರಿಟೈರ್ ಆಗುವವರೆಗೂ ಊಟ ಒಯ್ದರು.

ಅವರು ಹೋದ ಮೇಲೆ ಆ ಡಬ್ಬಿ ಶಿವಮೊಗ್ಗದ ನಮ್ಮ ಮನೆಗೆ ಬಂದಿದೆ. ನಿನ್ನೆ ಮಗಳ ಮುಂದೆ ಇಟ್ಟು, ಇದೆಲ್ಲ ಹೇಳಿದೆ. ಅವಳು ಮುಚ್ಚಳ ಒತ್ತಿ ಒತ್ತಿ ನೋಡಿದಳು.

"ಇದು ಕೂರ್ತಾನೇ ಇಲ್ಲ ಅಮ್ಮಾ."

"ಕೂರಲ್ಲ ಪುಟ್ಟೀ. ಅವತ್ತಿಂದ ಕೂತೇ ಇಲ್ಲ."