ಹೊಂಗೆಯ ನೆರಳಿಗೆ ಬಾಡಿಗೆ

ಮುತ್ಯಾಲಮ್ಮನ ಬಾಯಿಗೆ ಹೆದರದವರು ಶಂಕರಪುರದಲ್ಲಿ ಯಾರಿದ್ದರು ಹೇಳಿ! ಕೊತ್ತಂಬರಿ ಕಟ್ಟನ್ನು ತಿರುಗಿಸಿ ಮುರುಗಿಸಿ ನೋಡುವವರನ್ನು, “ಸಾರಿಗೆ ಹಾಕೋಕಾ, ಮದುವೆ ಮಾಡ್ಕೊಳ್ಳೋಕಾ ತಾಯಿ?” ಎಂದು ಬೀದಿಗೆಲ್ಲ ಕೇಳುವಂತೆ ಕೇಳಿಬಿಡುತ್ತಿದ್ದಳು. ಗವಿಪುರದ ಹೆಂಗಸು. ನಸುಕಿನಲ್ಲೇ ಮಾರ್ಕೆಟ್ಟಿನಿಂದ ಸೊಪ್ಪಿನ ತಳ್ಳುಗಾಡಿ ತಂದು, ನನ್ನ ಹಿಟ್ಟಿನ ಗಿರಣಿಯ ಎದುರಿನ ಹೊಂಗೆಮರದಡಿ ನಿಲ್ಲಿಸಿ, ಅಲ್ಲಿನ ಕೊಳಾಯಿಯಲ್ಲಿ ಸೊಪ್ಪು ತೊಳೆದು, ಕಟ್ಟು ಕಟ್ಟಿಕೊಂಡು ಬಸವನಗುಡಿ ಕಡೆ ಹೊರಡುವಳು. ಆ ಗಾಡಿ ಹೊರಟರೆ ಅವಳ ಮನೆಯಲ್ಲಿ ಒಲೆ ಹೊತ್ತುತ್ತಿತ್ತು.

ಮರ, ಕೊಳಾಯಿ, ಸುತ್ತಲಿನ ಖಾಲಿ ಜಾಗ ಎಲ್ಲವೂ ಪಕ್ಕದ ಮನೆಯ ಶ್ರೀನಿವಾಸಯ್ಯನವರದು. ಗಾಡಿಯವರು ದಣಿವಾರಿಸಿಕೊಳ್ಳಲಿ ಎಂದು ಧರ್ಮಕ್ಕೆ ಬಿಟ್ಟಿದ್ದ ಪುಣ್ಯಾತ್ಮ. ರಾಮನವಮಿಯ ದಿನ ಅವರ ಮನೆಯ ಪಾನಕದ ಮೊದಲ ಲೋಟ ಮರದಡಿಯವರಿಗೆ; ಅವರು ಕುಡಿದ ಮೇಲೆಯೇ ಬೀದಿಯವರಿಗೆ. ಯಜಮಾನರು ತೀರಿಕೊಂಡ ಮೇಲೂ ಹೆಂಡತಿ ವಿಶಾಲಮ್ಮ ಆ ಪದ್ಧತಿ ಬಿಡಲಿಲ್ಲ. ಮಗ ರಾಮಾನುಜನಿಗೆ ಮಾತ್ರ ಬೇರೆ ಬುದ್ಧಿ ಬಂತು. ಎಪ್ಪತ್ತೆಂಟರ ಬೇಸಿಗೆಯಲ್ಲಿ, ಹಬ್ಬಕ್ಕೆ ವಾರವಿರುವಾಗ, ಮರಕ್ಕೊಂದು ಹಲಗೆ ಹೊಡೆದ: ಗಾಡಿ ನಿಲ್ಲಿಸಲು ದಿನಕ್ಕೆ ಎಂಟಾಣೆ. ಹಪ್ಪಳ, ಸಂಡಿಗೆ ಎಂದು ಹಿತ್ತಲಲ್ಲೇ ಇದ್ದ ತಾಯಿಗೆ ಇದು ಗೊತ್ತೇ ಆಗಲಿಲ್ಲ.

ಉಳಿದವರು ಗೊಣಗುತ್ತ ಕೊಟ್ಟರು. ಮುತ್ಯಾಲಮ್ಮ ಕೊಡಲಿಲ್ಲ. ಹಬ್ಬದ ಬೆಳಿಗ್ಗೆ ಅವಳು ಸೊಪ್ಪು ತೊಳೆಯುತ್ತಿದ್ದಾಗ ರಾಮಾನುಜ ಬಂದವನೇ ಗಾಡಿಯ ಚಕ್ರವನ್ನು ಮರಕ್ಕೆ ಸರಪಳಿಯಿಂದ ಬಿಗಿದು ಬೀಗ ಜಡಿದ.

“ಬಾಕಿ ಕೊಟ್ಟು ಬಿಡಿಸ್ಕೊಂಡು ಹೋಗು.”

“ನಿಮ್ಮಪ್ಪ ಬಿಟ್ಟ ನೆರಳಿಗೆ ನಾನ್ಯಾಕೆ ಬಾಡಿಗೆ ಕೊಡ್ಲಿ ಸ್ವಾಮಿ?”

“ಅಪ್ಪ ಈಗಿಲ್ಲ. ಜಾಗ ನಂದು.”

ಅವಳು ಓಡಿಹೋಗಿ ಪೊಲೀಸಿನವನೊಬ್ಬನನ್ನು ಕರೆತಂದಳು. ಅವನು ಹಲಗೆ ಓದಿ, “ಪ್ರೈವೇಟ್ ಜಾಗ ಕಣಮ್ಮ, ಕೊಟ್ಬಿಡು. ಹಬ್ಬದ ದಿನ ರಗಳೆ ಬೇಡ” ಎಂದು ನಡೆದುಬಿಟ್ಟ.

ಬಿಸಿಲೇರಿತು. ನೆರಳು ಗಾಡಿಯಿಂದ ಸರಿದುಹೋಯಿತು. ದಂಟಿನ ಸೊಪ್ಪು ತಲೆಬಾಗಿತು, ಮೆಂತ್ಯ ಬಾಡತೊಡಗಿತು. ನನಗೆ ಮೈಯೆಲ್ಲ ಉರಿದುಹೋಯಿತು. ಅಪ್ಪನ ಪುಣ್ಯವನ್ನು ಎಂಟಾಣೆಗೆ ಮಾರುವವನಿಗೆ ಏನೆನ್ನಬೇಕು! “ಹಾಳಾಗಿ ಹೋಗ್ಲಿ, ನಾನೇ ಬಿಸಾಕ್ತೀನಿ” ಎಂದು ಗಲ್ಲಾಪೆಟ್ಟಿಗೆಗೆ ಕೈಹಾಕಿದೆ.

“ಸುಮ್ಕಿರಿ ಅಪ್ಪಯ್ಯ. ಇವತ್ತು ನೀವು ಕೊಡ್ತೀರ. ನಾಳೆ?” ಎಂದಳು. 

ಮಧ್ಯಾಹ್ನ ವಿಶಾಲಮ್ಮ ಪಾನಕದ ಕೊಳಗ ಹೊರಿಸಿಕೊಂಡು ಹೊರಗೆ ಬಂದರು. ಬೀದಿಯವರೆಲ್ಲ ಸೇರಿದ್ದರು. ಮೊದಲ ಲೋಟವನ್ನು ಮುತ್ಯಾಲಮ್ಮನ ಮುಂದೆ ಹಿಡಿದರು. ಅವಳು ಕೈ ನೀಡಲಿಲ್ಲ.

ರಾಮನವಮಿಯ ಪಾನಕವನ್ನು ಬೇಡ ಅನ್ನುವುದುಂಟೇ! ಹಗೆಯ ಮನೆಯದಾದರೂ ಕಣ್ಣಿಗೊತ್ತಿಕೊಂಡು ಒಂದು ಗುಟುಕು ಕುಡಿಯುವವರು ನಾವು. ವಿಶಾಲಮ್ಮ ಲೋಟವನ್ನು ಇನ್ನಷ್ಟು ಹತ್ತಿರ ಹಿಡಿದರು.

“ಯಾಕೇ, ಬಾಯಾರಿಲ್ವೇನೇ?”

“ನಾಲಿಗೆ ಒಣಗೋಗಿದೆ ತಾಯಿ. ಆದ್ರೆ ಕುಡಿಯಲ್ಲ. ನಿಮ್ಮನೆ ನೆರಳಿಗೆ ದುಡ್ಡು, ಪಾನಕ ಪುಕ್ಕಟೆ. ಇದ್ಯಾವ ಧರ್ಮ?”

“ನೆರಳಿಗೆ ದುಡ್ಡಾ?”

ವಿಶಾಲಮ್ಮನ ಕಣ್ಣು ಹಲಗೆಯ ಮೇಲೆ ಬಿತ್ತು. ಆಮೇಲೆ ಸರಪಳಿಯ ಮೇಲೆ.

“ಅಮ್ಮಾ, ನೀನು ಒಳಗೆ ಹೋಗು,” ಎಂದ ರಾಮಾನುಜ. “ಬೇರೆಯವರಿಗೆ ಕೊಡು, ಕುಡೀತಾರೆ.”

ಅವರು ಲೋಟವನ್ನು ನನ್ನ ಕಡೆ ತಿರುಗಿಸಿದರು. ನಾನು ಕೈ ಹಿಂದೆ ಕಟ್ಟಿಕೊಂಡೆ. ಎಂಟಾಣೆ ಕೊಟ್ಟಿದ್ದ ಗಾಡಿಯವರೂ ತಲೆ ತಗ್ಗಿಸಿದರು. ಒಬ್ಬರೂ ಮುಂದೆ ಬರಲಿಲ್ಲ.

“ಬೀಗದ ಕೈ ಕೊಡೋ.”

“ಜಾಗ ನನ್ನ ಹೆಸರಲ್ಲಿದೆಯಮ್ಮ. ಕೇಳೋಕೆ ಇವಳ್ಯಾರು?”

“ಹಾಗಾದ್ರೆ ಇದನ್ನೂ ಮಾರು.” ವಿಶಾಲಮ್ಮ ಲೋಟವನ್ನು ಮಗನ ಕೈಗೆ ತುರುಕಿದರು. “ಪಾನಕ ಲೋಟಕ್ಕೆ ಎಷ್ಟು ಅಂತ ಕೂಗು. ನಿಮ್ಮಪ್ಪನ ಹೆಸರು ಹೇಳಿ ಕೂಗು. ನಾನು ಇಲ್ಲೇ ನಿಂತು ಕೇಳಿಸ್ಕೋತೀನಿ.”

ರಾಮಾನುಜನ ಮುಖ ಸುಟ್ಟ ಬದನೆಕಾಯಿಯಂತಾಯಿತು. ಸುತ್ತ ನೋಡಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಜೇಬಿನಿಂದ ಬೀಗದ ಕೈ ತೆಗೆದು ನೆಲಕ್ಕೆ ಎಸೆದ.

ಮುತ್ಯಾಲಮ್ಮ ಬಗ್ಗಿ ಅದನ್ನೆತ್ತಿಕೊಂಡು ಬೀಗ ತೆಗೆದಳು. ಕೈತೊಳೆದು ಬಂದು ರಾಮಾನುಜನ ಕೈಯಿಂದ ಲೋಟ ಇಸಿದುಕೊಂಡು, ಕಣ್ಣಿಗೊತ್ತಿಕೊಂಡು, ಗಟಗಟನೆ ಕುಡಿದಳು. ನಾವೆಲ್ಲ ಕುಡಿದೆವು. ಮುತ್ಯಾಲಮ್ಮ ಬಾಡಿದ ಸೊಪ್ಪಿಗೆ ನೀರು ಚಿಮುಕಿಸಿ, ಸರಪಳಿಯನ್ನು ಸುತ್ತಿ, ತಂದು ರಾಮಾನುಜನ ಕೈಗಿಟ್ಟಳು.

“ಬೆಳಗ್ಗಿಂದ ನನ್ ಗಾಡಿ ಮೇಲೆ ಕೂತಿತ್ತು ಸ್ವಾಮಿ, ನಿಮ್ ಸರಪಳಿ. ಬಾಡಿಗೆ ಏನೂ ಬೇಡ, ತಗೊಂಡೋಗಿ.”