ಮೈಕಿನಲ್ಲಿ ಕೂಗಿದ ಹೆಸರು

ಸನ್ಮಾನ ಎಂಬ ಶಬ್ದ ಕಿವಿಗೆ ಬಿದ್ದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ನಮ್ಮ ಕಡೆ ಮನುಷ್ಯ ಸೀನಿದರೂ ಸಾಕು, ವೇದಿಕೆಗೆ ಕರೆದು ಶಾಲು ಹೊದಿಸಿಬಿಡುತ್ತಾರೆ. ಹೊದಿಸುವವರಿಗೆ ಅದೊಂದು ಚಟ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಬೈಲಹೊಂಗಲದ ಒಂದು ಹೈಸ್ಕೂಲಿನಲ್ಲಿ ಶಿಕ್ಷಕಿಯಾಗಿದ್ದೆ. ಶಾಲೆ ಬಿಟ್ಟು ಬಸ್ ಸ್ಟ್ಯಾಂಡಿನಲ್ಲಿ ಠಳಾಯಿಸುವ ಹುಡುಗರಿಗಾಗಿ ನಾವು ನಾಲ್ಕೈದು ಮಂದಿ ಸೇರಿ ಒಂದು ಯುವಕ ಸಂಘ ನಡೆಸುತ್ತಿದ್ದೆವು. ಭಾನುವಾರ ಬೆಳಿಗ್ಗೆ ವಾಲಿಬಾಲು, ಒಂದಿಷ್ಟು ಓದು, ಒಂದಿಷ್ಟು ಬುದ್ಧಿಮಾತು. ನನ್ನ ಬುದ್ಧಿಮಾತಿಗಿಂತ ಅವಲಕ್ಕಿಗೆ ಬರುವವರೇ ಹೆಚ್ಚು. ಇರಲಿ, ಬಂದರಲ್ಲ!

ಅವರಲ್ಲೊಬ್ಬನಿಗೆ ಇಪ್ಪತ್ತರ ವಯಸ್ಸು. ತಂದೆ ತೀರಿಹೋಗಿದ್ದ, ತಾಯಿ ರೊಟ್ಟಿ ಬಡಿದು ಮಾರುತ್ತಿದ್ದಳು. ಇವನು ಪಂಪ್‌ಸೆಟ್ ಕಳ್ಳರ ಗುಂಪಿನಲ್ಲಿ ಸಿಕ್ಕಿಹಾಕಿಕೊಂಡಿದ್ದ. ಸವದತ್ತಿ, ರಾಮದುರ್ಗದ ಕಡೆ ಮಲಪ್ರಭೆಯ ದಂಡೆಗುಂಟ ರೈತರ ಮೋಟರು ಬಿಚ್ಚಿ, ಒಳಗಿನ ತಾಮ್ರದ ತಂತಿ ಮಾರುವ ಗುಂಪು ಅದು. ಅವರ ಟೆಂಪೊ ಓಡಿಸುವುದು ಇವನ ಕೆಲಸ. ಒಂದು ಸಲ ಅಡ್ಡ ಬಂದ ಮುದುಕನೊಬ್ಬನ ತಲೆ ಒಡೆದರಂತೆ. ಅವತ್ತಿನಿಂದ ಇವನಿಗೆ ಊಟ ಸೇರಲಿಲ್ಲ.

"ಅಕ್ಕಾರ, ನನಗ ಇದು ಸಾಕಾಗೈತ್ರಿ. ಆದ್ರ ಹೊರಗ ಬಂದ್ರ ಅವರು ನನ್ನ ಜೀವಂತ ಇಡೂದಿಲ್ಲ," ಎಂದು ಒಂದು ಭಾನುವಾರ, ಉಳಿದವರೆಲ್ಲ ಹೋದ ಮೇಲೆ, ಅತ್ತುಬಿಟ್ಟ.

ನಾನು ಅವನನ್ನೂ ಠಾಣೆಯ ಫೌಜದಾರರನ್ನೂ ಮನೆಗೆ ಚಹಾಕ್ಕೆ ಕರೆದೆ. ಫೌಜದಾರರು ಖಾಕಿ ಬಟ್ಟೆ ಹಾಕಿಕೊಳ್ಳದೆ ಬಂದರು. "ಮಾಲು ಎಲ್ಲಿ ಇಡತಾರ, ಅಷ್ಟು ಹೇಳು ತಮ್ಮಾ. ನಿನ್ನ ಹೆಸರು ಯಾವ ಕಾಗದದಾಗೂ ಬರೂದಿಲ್ಲ," ಎಂದರು. ಅವನು ಹೇಳಿದ. ಎಂಟೇ ದಿನಗಳಲ್ಲಿ ನಾಲ್ವರು ಒಳಗಾದರು, ಇಬ್ಬರು ತಪ್ಪಿಸಿಕೊಂಡರು. ಸುಳಿವು ಕೊಟ್ಟವರು ಯಾರೆಂದು ಊರಿಗೆ ತಿಳಿಯಲೇ ಇಲ್ಲ. ಪೊಲೀಸರ ಬಾಯಿ ಗಟ್ಟಿ ಇತ್ತು. ಹರಕು ಬಾಯಿ ನನ್ನದು.

ಟೆಂಪೊ ಬಿಟ್ಟವನಿಗೆ ಕೆಲಸ ಬೇಕಿತ್ತು. ನಮ್ಮ ಸಂಘದ ಅಧ್ಯಕ್ಷರಾಗಿದ್ದ ಸಾವುಕಾರರಿಗೆ ಹತ್ತಿಯ ಜಿನ್ನಿಂಗ್ ಫ್ಯಾಕ್ಟರಿ ಇತ್ತು. ಹೋಗಿ ಕೇಳಿದೆ.

"ಆ ಉಡಾಳನ್ನ ಇಟಗೊಳ್ಳೇನ್ರಿ? ನನ್ನ ಮೋಟರನ ಬಿಚ್ಚಿಕೊಂಡು ಹೋದಾನು!" ಎಂದು ಹೊಟ್ಟೆ ಕುಣಿಸಿ ನಕ್ಕರು.

ನಾನು ಮೊದಲೇ ಸಿಟ್ಟಿನ ಹೆಂಗಸು. "ಉಡಾಳ ಅಲ್ರೀ ಅಂವಾ! ಅಂವ ಬಾಯಿ ಬಿಟ್ಟಿದ್ದಕ್ಕನ ಆ ಕಳ್ಳರು ಸಿಕ್ಕಾರ," ಎಂದುಬಿಟ್ಟೆ. ಅಂದ ಕೂಡಲೇ ತಪ್ಪು ತಿಳಿಯಿತು. ಯಾರ ಮುಂದೂ ಅನ್ನಬೇಡಿ ಎಂದು ಕೈಮುಗಿದೆ.

"ಛೇ ಛೇ, ನಾ ಯಾಕ ಅನ್ನಲ್ರೀ ಅಕ್ಕಾರ?" ಎಂದರು. ಮರುದಿನವೇ ಕೆಲಸ ಕೊಟ್ಟರು. ನಾನು ಏನೋ ಸಾಧಿಸಿದೆನೆಂದು ಬೀಗುತ್ತ ಮನೆಗೆ ಬಂದೆ. ಅವನಿಗೆ ಮಾತ್ರ ಈ ಮಾತು ಹೇಳಲಿಲ್ಲ.

ಸಂಘದ ವಾರ್ಷಿಕ ಸಮಾರಂಭಕ್ಕೆ ಊರೇ ನೆರೆದಿತ್ತು. ನಿರೂಪಣೆ ನನ್ನದು. ಸನ್ಮಾನಿತರ ಚೀಟಿ ವೇದಿಕೆಯ ಮೇಲೆಯೇ ಕೈಗೆ ಬಂತು. ಒಂದೊಂದೇ ಹೆಸರು ಓದುತ್ತ ಹೋದೆ, ಕೊನೆಗೆ ಅವನ ಹೆಸರು! ಓದದೆ ಚೀಟಿ ಮಡಚಿ ವಂದನಾರ್ಪಣೆಗೆ ಕರೆದೆ.

ಸಾವುಕಾರರು ಎದ್ದು ಬಂದು ನನ್ನ ಕೈಯಿಂದ ಮೈಕು ತೆಗೆದುಕೊಂಡರು. "ಅಕ್ಕಾರು ಒಂದು ಹೆಸರು ಮರತ್ರು," ಎಂದು ನಕ್ಕು, "ಪಂಪ್‌ಸೆಟ್ ಕಳ್ಳರನ್ನ ಹಿಡಿಸಿಕೊಟ್ಟ ಧೀರ, ನಮ್ಮ ಸಂಘದ ಹುಡುಗ!" ಎಂದು ಅವನ ಹೆಸರು, ಅಡ್ಡಹೆಸರು ಎರಡನ್ನೂ ಕೂಗಿದರು.

ಏನು ಚಪ್ಪಾಳೆ ಅಂತೀರಿ! ಅವನು ಕೊನೆಯ ಸಾಲಿನಿಂದ ಎದ್ದು ಬಂದ. ಬಾರದೆ ಏನು ಮಾಡಿಯಾನು, ಇಡೀ ಸಭೆ ತಿರುಗಿ ಅವನನ್ನೇ ನೋಡುತ್ತಿತ್ತು. ಶಾಲು ಹೊದಿಸಿಕೊಳ್ಳುವಾಗ ತಲೆ ಎತ್ತಿ ನನ್ನನ್ನು ನೋಡಿದ. ಸಾವುಕಾರರಿಗೆ ಹೇಳಿದವರು ಯಾರೆಂದು ಅವನಿಗೆ ಗೊತ್ತಾಗಿಹೋಗಿತ್ತು.

ಮೂರನೆಯ ದಿನ ಹಾಡಹಗಲೇ, ಫ್ಯಾಕ್ಟರಿಯ ಗೇಟಿನ ಎದುರಿಗೇ, ಕಬ್ಬಿಣದ ರಾಡಿನಿಂದ ಅವನ ಬಲಗೈ ಮುರಿದರು. ಅಷ್ಟು ಜನ ಓಡಾಡುವ ರಸ್ತೆಯಲ್ಲಿ ನೋಡಿದವರು ಒಬ್ಬರೂ ಇಲ್ಲವಂತೆ. "ನಾ ಒಳ್ಳೇದಕ್ಕನ ಮಾಡಿದ್ನಲ್ರೀ ಅಕ್ಕಾರ," ಎಂದರು ಸಾವುಕಾರರು. ಅವರ ಒಳ್ಳೆಯತನಕ್ಕೆ ಬೆಂಕಿ ಬೀಳಲಿ ಎಂದುಕೊಂಡೆ. ಬಾಯಿಬಿಟ್ಟು ಬೈಯಲು ನನಗೇನು ಹಕ್ಕಿತ್ತು? ಮುಂದಿನ ಭಾನುವಾರ ಅವಲಕ್ಕಿ ಪಾತ್ರೆಯ ತುಂಬ ಹಾಗೇ ಉಳಿಯಿತು.

ಆಸ್ಪತ್ರೆಯಿಂದ ಬಿಟ್ಟ ಮೇಲೆ ಅವನು ಊರಿನಲ್ಲಿ ಕಾಣಲಿಲ್ಲ. ವಾರ ಕಳೆದು ಅವನ ಮನೆಗೆ ಹೋದೆ. ತಾಯಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕುಂತ್ರಿ ಎನ್ನಲಿಲ್ಲ.

"ಎಲ್ಲಿ ಅದಾನ ಯವ್ವಾ? ಕೈ ಹೆಂಗೈತಿ?" ಎಂದೆ.

ಆಕೆ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. ನನ್ನ ಮುಖ ನೋಡಲಿಲ್ಲ.

"ಫೌಜದಾರ್ರು ಬಂದು ಕೇಳಿದ್ರು, ಅವರ ಮುಂದ ಹೇಳೀನ್ರಿ. ನಿಮ್ಮ ಮುಂದ ಹೇಳೂದಿಲ್ರಿ ಅಕ್ಕಾರ."